ಎದೆಯ ಗಂಟಿಗೆ ಯಾವ ವಯಸ್ಸು?

ನಮ್ಮ ಮನೆಯಲ್ಲಿ ಐದು ವರ್ಷಗಳ ಅಂತರದಲ್ಲಿ ಎರಡು ಮಾತುಗಳು ಕೇಳಿಬಂದವು. ಮೊದಲನೆಯದು, "ಇಷ್ಟು ಚಿಕ್ಕ ವಯಸ್ಸಿಗೆ ಅದೆಲ್ಲ ಎಲ್ಲಿ ಬರುತ್ತೆ? ಹಾಲು ಕಟ್ಟಿಕೊಂಡಿರಬೇಕು, ಬಿಸಿನೀರಿನ ಶಾಖ ಕೊಡು" ಎಂಬುದು. ಎರಡನೆಯದು, "ಈ ವಯಸ್ಸಿನಲ್ಲಿ ಇನ್ನು ಆಪರೇಷನ್ ಯಾಕೆ? ಇದ್ದಷ್ಟು ದಿನ ನೆಮ್ಮದಿಯಾಗಿರಲಿ ಬಿಡಿ" ಎಂಬುದು. ಮೊದಲನೆಯದನ್ನು ಹೇಳಿದ್ದು ನನ್ನ ನಾದಿನಿಗೆ. ಆಗ ಅವಳಿಗೆ 33 ವರ್ಷ. ಎರಡನೆಯದು ನನ್ನ ಅತ್ತೆಯವರ ವಿಷಯದಲ್ಲಿ, ಅಂದರೆ ಆ ನಾದಿನಿಯ ತಾಯಿಯ ವಿಷಯದಲ್ಲಿ. ಅವರಿಗೆ 68. ಎರಡು ಮಾತಿಗೂ ತಲೆಯಾಡಿಸಿದವರಲ್ಲಿ ನಾನೂ ಒಬ್ಬಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾದಿನಿಯದು 2016ರ ಮಾತು. ಮಗುವಿಗೆ 11 ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತಿತ್ತು. ಒಂದು ದಿನ ಸ್ನಾನ ಮಾಡುವಾಗ ಎಡ ಸ್ತನದ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, ಹುಣಿಸೆ ಬೀಜದಷ್ಟು ಗಟ್ಟಿಯಾದದ್ದು ಕೈಗೆ ಸಿಕ್ಕಿತಂತೆ. ನೋವಿಲ್ಲ. ನೋವಿಲ್ಲವಲ್ಲ ಎಂಬುದೇ ನಮಗೆಲ್ಲ ಧೈರ್ಯ! ತೋರಿಸಿದ ಡಾಕ್ಟರೂ ಹಾಲಿನ ಗಂಟು ಎಂದರು, ಮಾತ್ರೆ ಬರೆದುಕೊಟ್ಟರು. ಮಾತ್ರೆ ಮುಗಿಯಿತು, ಗಂಟು ಕರಗಲಿಲ್ಲ. ಆಮೇಲೆ ಮಗುವಿನ ಹುಟ್ಟುಹಬ್ಬ ಬಂತು, ಯಾರದೋ ಮದುವೆ ಬಂತು, ಆಷಾಢ ಬಂತು. ಹೀಗೆ ಐದು ತಿಂಗಳು ಕಳೆದು ಬೆಂಗಳೂರಿಗೆ ಹೋಗುವಷ್ಟರಲ್ಲಿ ಗಂಟು ನಿಂಬೆಹಣ್ಣಿನಷ್ಟಾಗಿ, ಕಂಕುಳಲ್ಲೂ ಒಂದೆರಡು ಮೂಡಿದ್ದವು. ಮೂರನೆಯ ಹಂತ ಎಂದರು.

ಆಗಲೂ ನಾವು ಸಮಾಧಾನ ಹೇಳಿಕೊಂಡ ರೀತಿ ನೋಡಿ: "ವಯಸ್ಸು ಚಿಕ್ಕದು, ರಕ್ತ ಬಿಸಿ ಇದೆ, ತಡೆದುಕೊಳ್ಳುತ್ತಾಳೆ." ಚಿಕ್ಕವರಾದರೆ ಕಾಯಿಲೆ ಬೇಗ ವಾಸಿಯಾಗುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಜ್ವರಕ್ಕೆ, ಮುರಿದ ಮೂಳೆಗೆ ಆ ಲೆಕ್ಕ ಸರಿ. ಸ್ತನದ ಕ್ಯಾನ್ಸರಿಗೆ ಆ ಲೆಕ್ಕ ನಡೆಯುವುದಿಲ್ಲ ಎಂದು ನನಗೆ ತಿಳಿದದ್ದು ತೀರ ತಡವಾಗಿ.

ನಡುವಯಸ್ಸಿನವರೇ ಮೇಲು

ವಯಸ್ಸಿಗೂ ಈ ಕಾಯಿಲೆಯ ಫಲಕ್ಕೂ ಏನು ಸಂಬಂಧ ಎಂದು ವೈದ್ಯರು ಬಹಳ ಹಿಂದೆಯೇ ಲೆಕ್ಕ ಹಾಕಿದ್ದಾರೆ. ಇದರಲ್ಲಿ ಹೆಸರಾದದ್ದು ಸ್ವೀಡನ್ ದೇಶದ್ದು. ಅಲ್ಲಿ 1959ರಿಂದ 1978ರವರೆಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾದ ಹೆಚ್ಚುಕಡಿಮೆ ಎಲ್ಲ ಹೆಂಗಸರನ್ನೂ, ಅಂದರೆ 57,000ಕ್ಕೂ ಹೆಚ್ಚು ಮಂದಿಯನ್ನು, ಲೆಕ್ಕಕ್ಕೆ ತೆಗೆದುಕೊಂಡರು. ಫಲಿತಾಂಶ 1986ರಲ್ಲಿ ಪ್ರಕಟವಾಯಿತು. ಎಲ್ಲರಿಗಿಂತ ಚೆನ್ನಾಗಿ ಬದುಕಿ ಉಳಿದವರು ಯಾರು ಗೊತ್ತೆ? 45ರಿಂದ 49ರ ವಯಸ್ಸಿನವರು! 30ರ ಒಳಗಿನವರು ಅವರಿಗಿಂತ ಶೇಕಡಾ 8ರಿಂದ 13ರಷ್ಟು ಹಿಂದೆ ಬಿದ್ದಿದ್ದರು. 49 ದಾಟಿದ ಮೇಲೆ ಮತ್ತೆ ಇಳಿಮುಖ. 75 ದಾಟಿದವರದು ಎಲ್ಲಕ್ಕಿಂತ ಕಷ್ಟ. ಹತ್ತು ವರ್ಷ ಕಳೆಯುವಷ್ಟರಲ್ಲಿ ನಡುವಯಸ್ಸಿನವರಿಗೂ ಅವರಿಗೂ ಶೇಕಡಾ 20ರಷ್ಟು ಅಂತರ.

ವಯಸ್ಸಾದವರು ಹೇಗಿದ್ದರೂ ಬೇರೆ ಕಾರಣಕ್ಕೆ ಹೋಗುತ್ತಾರಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಆ ಸಾವುಗಳನ್ನು ಕಳೆದೇ ಈ ಲೆಕ್ಕ ಹಾಕುತ್ತಾರಂತೆ. ಅದೇ ವಯಸ್ಸಿನ, ಕ್ಯಾನ್ಸರ್ ಇಲ್ಲದ ಹೆಂಗಸರಲ್ಲಿ ಎಷ್ಟು ಜನ ಉಳಿಯುತ್ತಾರೆ ಎಂಬುದಕ್ಕೆ ಹೋಲಿಸಿ ನೋಡುವುದು ಕ್ರಮ. ಆದ್ದರಿಂದ ಮುಪ್ಪಿನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಅಂತೂ ಎರಡು ತುದಿಯಲ್ಲೂ ತೊಂದರೆ, ನಡುವೆ ವಾಸಿ. ನಮ್ಮ ಮನೆಯ ಎರಡು ಮಾತೂ ಸರಿಯಾಗಿ ಆ ಎರಡು ತುದಿಗೇ ಬಿದ್ದಿದ್ದವು.

ಚಿಕ್ಕವರಿಗೆ ಯಾಕೆ ಹೀಗೆ?

ಒಂದು ಕಾರಣ ಗಂಟಿನ ಜಾತಿ. ಸ್ತನದ ಕ್ಯಾನ್ಸರ್ ಎಂದರೆ ಒಂದೇ ಕಾಯಿಲೆಯಲ್ಲ. ಸೂಜಿ ಹಾಕಿ ತೆಗೆದ ಚೂರನ್ನು ಪರೀಕ್ಷೆ ಮಾಡಿ ಮೂರು ವಿಷಯ ನೋಡುತ್ತಾರೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಎರಡು ಹಾರ್ಮೋನುಗಳಿಗೆ ಅದು ಓಗೊಡುತ್ತದೆಯೆ? ಹರ್-2 ಎಂಬ ಪ್ರೊಟೀನು ಅದರ ಮೇಲೆ ಹೆಚ್ಚಾಗಿದೆಯೆ? ಇವನ್ನು ಮೂರು ಬೀಗ ಎಂದುಕೊಳ್ಳಿ. ಬೀಗವಿದ್ದರೆ ಅದಕ್ಕೆ ತಕ್ಕ ಕೀಲಿಕೈ ಇದೆ: ಹಾರ್ಮೋನಿನದಾದರೆ ಟ್ಯಾಮಾಕ್ಸಿಫೆನ್ ಮುಂತಾದ ಮಾತ್ರೆ, ಹರ್-2 ಆದರೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್. ಮೂರೂ ಇಲ್ಲದಿದ್ದರೆ ಅದಕ್ಕೆ ಟ್ರಿಪಲ್ ನೆಗೆಟಿವ್ ಎನ್ನುತ್ತಾರೆ. ಇದು ಬೇಗ ಬೆಳೆಯುವ ಜಾತಿ, ಇದಕ್ಕೆ ಮುಖ್ಯವಾಗಿ ಕೀಮೋಥೆರಪಿಯೇ ಗತಿ. ಇಂಥ ಗಂಟು 40ರ ಒಳಗಿನವರಲ್ಲಿ ಹೆಚ್ಚಾಗಿ ಕಾಣುತ್ತದೆ. ನಾದಿನಿಯದು ಇದೇ.

ಎರಡನೆಯದು ತಡ. ಈ ವಯಸ್ಸಿಗೆ ಬರುವುದಿಲ್ಲ ಎಂದು ಮನೆಯವರೂ ತಿಳಿದಿರುತ್ತಾರೆ, ಕೆಲವೊಮ್ಮೆ ಡಾಕ್ಟರೂ ತಿಳಿದಿರುತ್ತಾರೆ. ಬಸುರಿ ಬಾಣಂತಿಯರಲ್ಲಂತೂ ಸ್ತನವೇ ಗಡುಸಾಗಿ ಗಂಟುಗಂಟಾಗಿರುವಾಗ ಹೊಸ ಗಂಟು ಅದರಲ್ಲಿ ಮರೆಯಾಗಿ ಹೋಗುತ್ತದೆ. "ಹಾಲು ಕುಡಿಸುವವರಿಗೆ ಬರೋದಿಲ್ಲ" ಎಂಬ ಮಾತು ಬೇರೆ. ಅದರಲ್ಲಿ ಅರ್ಧ ಸತ್ಯವಿದೆ, ಒಪ್ಪೋಣ. ಒಟ್ಟು 12 ತಿಂಗಳು ಹಾಲೂಡಿಸಿದರೆ ಅಪಾಯ ಶೇಕಡಾ 4.3ರಷ್ಟು ಕಡಿಮೆಯಾಗುತ್ತದೆ ಎಂದು 2002ರಲ್ಲಿ ಅನೇಕ ದೇಶಗಳ ಲೆಕ್ಕ ಸೇರಿಸಿ ನೋಡಿದವರು ಹೇಳಿದ್ದಾರೆ. ಆದರೆ ಶೇಕಡಾ 4 ಎಂದರೆ ರಕ್ಷಾಕವಚವೇನಲ್ಲ! ಅದೂ ಅಲ್ಲದೆ ಹೆರಿಗೆಯಾದ ನಂತರದ ಕೆಲವು ವರ್ಷ ಅಪಾಯ ಕೊಂಚ ಏರಿಯೇ ಆಮೇಲೆ ಇಳಿಯುತ್ತದೆ.

ಮೂರನೆಯದು, ಮ್ಯಾಮೊಗ್ರಾಂ ಎಂಬ ಎಕ್ಸ್-ರೇ ಚಿಕ್ಕವರಲ್ಲಿ ಸರಿಯಾಗಿ ಕಾಣಿಸುವುದಿಲ್ಲ. ಚಿಕ್ಕ ವಯಸ್ಸಿನ ಸ್ತನದಲ್ಲಿ ಕೊಬ್ಬು ಕಡಿಮೆ, ಗ್ರಂಥಿಗಳು ಒತ್ತೊತ್ತು. ಚಿತ್ರದಲ್ಲಿ ಗ್ರಂಥಿಯೂ ಬಿಳಿ, ಗಂಟೂ ಬಿಳಿ. ಹಾಲಿನ ಪಾತ್ರೆಯಲ್ಲಿ ಮಲ್ಲಿಗೆ ಮೊಗ್ಗು ಹುಡುಕಿದ ಹಾಗೆ! ಅದಕ್ಕೇ ಅವರಿಗೆ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುತ್ತಾರೆ. ವಯಸ್ಸಾಗುತ್ತ ಗ್ರಂಥಿಯ ಜಾಗಕ್ಕೆ ಕೊಬ್ಬು ಬಂದು ಚಿತ್ರ ಕಪ್ಪಾಗುತ್ತದೆ, ಬಿಳಿ ಗಂಟು ಎದ್ದು ಕಾಣುತ್ತದೆ.

ಹಾಗಾದರೆ ಚಿಕ್ಕವರಿಗೆ ಬಂದರೆ ಮುಗಿದೇ ಹೋಯಿತೆ? ಇಲ್ಲ. ಡೆನ್ಮಾರ್ಕಿನಲ್ಲಿ 50ರ ಒಳಗಿನ 10,000ಕ್ಕೂ ಹೆಚ್ಚು ರೋಗಿಗಳ ಲೆಕ್ಕ ಹಾಕಿ 2000ದಲ್ಲಿ ಹೇಳಿದ ವಿಷಯ ನನಗೆ ಬಹಳ ಮುಖ್ಯವೆನಿಸಿತು. ಗಂಟು ಸಣ್ಣದು, ಅಪಾಯ ಕಡಿಮೆ ಎಂದು ಬರೀ ಆಪರೇಷನ್ ಮಾಡಿ ಬಿಟ್ಟವರಲ್ಲಿ ವಯಸ್ಸು ಚಿಕ್ಕದಾದಷ್ಟೂ ಸಾವು ಹೆಚ್ಚು. ಆಪರೇಷನ್ ಜೊತೆಗೆ ಕೀಮೋ ಪಡೆದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ! ಅಂದರೆ ವಯಸ್ಸು ಹಣೆಬರಹವಲ್ಲ. ಬೇಕಾದ ಚಿಕಿತ್ಸೆ ಪೂರ್ತಿ ಸಿಕ್ಕಿತೋ ಇಲ್ಲವೋ ಎಂಬುದೂ ಅದರಲ್ಲಿ ಸೇರಿದೆ.

ಚಿಕ್ಕವರಿಗೆ ಇನ್ನೊಂದು ಚಿಂತೆ, ಮುಂದೆ ಮಕ್ಕಳಾಗುತ್ತವೆಯೋ ಇಲ್ಲವೋ ಎಂಬುದು. ಕೀಮೋದಿಂದ ಮುಟ್ಟು ನಿಂತುಬಿಡಬಹುದು. ಈ ವಿಷಯವನ್ನು ಚಿಕಿತ್ಸೆ ಶುರುವಾಗುವ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು, ನಾಚಿಕೊಂಡರೆ ಆಗದು. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರು ಒಂದೂವರೆ ಎರಡು ವರ್ಷವಾದ ಮೇಲೆ, ಡಾಕ್ಟರ ಸಲಹೆಯಂತೆ, ಸ್ವಲ್ಪ ಕಾಲ ನಿಲ್ಲಿಸಿ ಮಗು ಪಡೆದು ಮತ್ತೆ ಮುಂದುವರಿಸಬಹುದೆ ಎಂದು ನಡೆಸಿದ ಅಧ್ಯಯನದ ಮೊದಲ ಫಲಿತಾಂಶ 2023ರಲ್ಲಿ ಬಂದಿದೆ. ಅಲ್ಲಿಯವರೆಗೆ ನೋಡಿದಷ್ಟರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಾಗಿರಲಿಲ್ಲ.

ನಾದಿನಿಗೆ ಮೊದಲು ಕೀಮೋ, ಆಮೇಲೆ ಆಪರೇಷನ್, ರೇಡಿಯೇಷನ್ ಎಲ್ಲ ಆಯಿತು. ಕೂದಲು ಉದುರಿದಾಗ ಮಗು ಅವಳ ತಲೆ ಸವರಿ ನಗುತ್ತಿತ್ತು. ಒಂದು ವರ್ಷ ಚೆನ್ನಾಗಿಯೇ ಇದ್ದಳು. 2018ರಲ್ಲಿ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಒಂದು ರಾತ್ರಿ ನನ್ನ ಕೇಳಿದಳು, "ಅತ್ತಿಗೆ, ಮೊದಲನೇ ದಿನವೇ ಸೂಜಿ ಹಾಕಿಸಿದ್ದರೆ ಏನಾಗ್ತಿತ್ತು?" ನನ್ನಲ್ಲಿ ಉತ್ತರವಿರಲಿಲ್ಲ. ಮಾರನೆಯ ದಿನ ಅವಳಿಲ್ಲದಾಗ ಡಾಕ್ಟರನ್ನೇ ಕೇಳಿದೆ. "ಈ ಜಾತಿಯದು ಬೇಗ ಸಿಕ್ಕರೂ ಕೆಲವೊಮ್ಮೆ ಕೈಬಿಡುತ್ತಮ್ಮ. ಆದರೆ ಐದು ತಿಂಗಳು ನಮ್ಮ ಕೈಲಿದ್ದ ಸಮಯ ಹೋಯಿತು, ಅಷ್ಟು ನಿಜ" ಎಂದರು. 2019ರಲ್ಲಿ ಹೋದಳು. 36 ತುಂಬಿರಲಿಲ್ಲ.

"ಮಗಳೇ ಹೋದ ಮೇಲೆ..."

ಪ್ರತಿ ದೀಪಾವಳಿಗೆ ಎಣ್ಣೆಸ್ನಾನದ ದಿನ ಅತ್ತೆಯವರ ಬೆನ್ನಿಗೆ ಎಣ್ಣೆ ಹಚ್ಚುವುದು ನನ್ನ ಕೆಲಸ. 2020ರ ದೀಪಾವಳಿಗೆ ಅವರು ಬಚ್ಚಲಿನ ಬಾಗಿಲು ಹಾಕಿಕೊಂಡರು. ಮಗಳ ನೆನಪು ಬಂದಿರಬೇಕು ಎಂದು ಸುಮ್ಮನಾದೆ. ಮಾರನೆಯ ವರ್ಷ ಬಲವಂತ ಮಾಡಿ ಒಳಗೆ ಹೋದಾಗ ಬಲಗಡೆ ಕಂಕುಳಿನ ಹತ್ತಿರ ನನ್ನ ಕೈಗೆ ತಗಲಿತು. "ಒಂದು ವರ್ಷದ ಮೇಲಾಯ್ತು. ಮಗಳೇ ಹೋದ ಮೇಲೆ ನನ್ನದೇನು? ಕೊರೋನಾ ಬೇರೆ, ಯಾರಿಗೆ ತೊಂದರೆ ಕೊಡಲಿ?" ಎಂದರು. ಎಣ್ಣೆಯ ಬಟ್ಟಲು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ.

ಮನೆಯಲ್ಲಿ ಪಂಚಾಯಿತಿ ನಡೆಯಿತು. ಮಗಳಿಗೆ ಎಲ್ಲ ಮಾಡಿಸಿ ಏನು ಬಂತು, ಈ ವಯಸ್ಸಿನಲ್ಲಿ ಅವರಿಗೆ ಆ ಹಿಂಸೆ ಯಾಕೆ ಎಂದು ಎಲ್ಲರದೂ ಒಂದೇ ರಾಗ. ಕರುಣೆಯಿಂದಲೇ ಹೇಳಿದ್ದು, ಇಲ್ಲವೆನ್ನುವುದಿಲ್ಲ. ಕೊನೆಗೆ ತೋರಿಸುವುದಾದರೂ ತೋರಿಸೋಣ ಎಂದು ನನ್ನವರು ಹೊರಡಿಸಿದರು.

ಬೆಂಗಳೂರಿನ ಡಾಕ್ಟರು ಕೇಳಿದ ಪ್ರಶ್ನೆಗಳು ನನಗಿನ್ನೂ ನೆನಪಿವೆ. ಮೆಟ್ಟಿಲು ಹತ್ತುತ್ತಾರಾ? ಅಡುಗೆ ಮಾಡುತ್ತಾರಾ? ಸಕ್ಕರೆ, ಬಿ.ಪಿ. ಹತೋಟಿಯಲ್ಲಿದೆಯಾ? ಮರೆವು ಇದೆಯಾ? ಅತ್ತೆ ಹೋದ ತಿಂಗಳಷ್ಟೇ ಐದು ಸೇರು ಅಕ್ಕಿಯ ಸಂಡಿಗೆ ಇಟ್ಟಿದ್ದರು ಎಂದೆ. ಡಾಕ್ಟರು ನಕ್ಕು, "ನಾನು ಹುಟ್ಟಿದ ತಾರೀಕು ನೋಡಿ ಆಪರೇಷನ್ ಮಾಡೋದಿಲ್ಲ, ಮನುಷ್ಯರನ್ನು ನೋಡಿ ಮಾಡ್ತೀನಿ" ಎಂದರು.

ವಯಸ್ಸಾದವರಲ್ಲಿ ಫಲ ಕೆಡುವುದಕ್ಕೆ ಗಂಟಿನ ಜಾತಿ ಕಾರಣವಲ್ಲವಂತೆ. ಸಾಮಾನ್ಯವಾಗಿ ಅವರದು ನಿಧಾನವಾಗಿ ಬೆಳೆಯುವ, ಹಾರ್ಮೋನಿನ ಮಾತ್ರೆಗೆ ಬಗ್ಗುವ ಸೌಮ್ಯ ಜಾತಿ. ಕೆಡಿಸುವುದು ನಾವು. ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ, ಗೊತ್ತಾದ ಮೇಲೂ ಅರೆಬರೆ ಚಿಕಿತ್ಸೆ ಕೊಡಿಸುತ್ತೇವೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಸೇರಿಕೊಂಡಿದ್ದರೆ ಕೆಲವು ಔಷಧಿ ಕೊಡಲಾಗುವುದಿಲ್ಲ ಎಂಬುದೂ ಉಂಟು. ಆದರೆ ಕಡಿಮೆ ಚಿಕಿತ್ಸೆ ಬೇರೆ, ಚಿಕಿತ್ಸೆಯನ್ನೇ ಬಿಡುವುದು ಬೇರೆ. 70 ದಾಟಿದವರಲ್ಲಿ ಸಣ್ಣ, ಹಾರ್ಮೋನಿಗೆ ಓಗೊಡುವ ಗಂಟಾದರೆ, ಗಂಟು ತೆಗೆದು ಮಾತ್ರೆ ಕೊಟ್ಟರೆ ರೇಡಿಯೇಷನ್ ಬಿಟ್ಟರೂ ಬದುಕುವ ವರ್ಷಗಳಿಗೆ ಕುಂದಿಲ್ಲ ಎಂದು ಅಮೆರಿಕದ ಪರೀಕ್ಷೆಯೊಂದು ತೋರಿಸಿದೆ. ಲೆಕ್ಕ ಹಾಕಿ ಬಿಡುವುದು ಹೀಗೆ.

ಹಳೆಯ ಕತೆಯೊಂದು ಇಲ್ಲಿ ನೆನಪಾಗುತ್ತದೆ. ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಗಾರ್ತಿಗೆ 1811ರಲ್ಲಿ ಪ್ಯಾರಿಸ್ಸಿನಲ್ಲಿ ಸ್ತನದ ಗಂಟಿಗಾಗಿ ಆಪರೇಷನ್ ಆಯಿತು. ಆಗ ಮತ್ತು ಬರಿಸುವ ಔಷಧಿಯೇ ಇರಲಿಲ್ಲ! ಎಚ್ಚರವಾಗಿದ್ದೇ ಆ ನೋವನ್ನೆಲ್ಲ ಅನುಭವಿಸಿ, ಆಮೇಲೆ ಅಕ್ಕನಿಗೆ ಪತ್ರ ಬರೆದಳು. ಆಗ ಅವಳಿಗೆ 59. ಆ ಕಾಲಕ್ಕೆ ಅದು ಮುದಿ ವಯಸ್ಸೇ. ಅವಳು ತೀರಿಕೊಂಡದ್ದು 1840ರಲ್ಲಿ, 87ನೇ ವಯಸ್ಸಿನಲ್ಲಿ.

ಅತ್ತೆಯವರದು ಎರಡನೆಯ ಹಂತ, ಹಾರ್ಮೋನಿನ ಜಾತಿ. ವರ್ಷದ ಮೇಲೆ ಮುಚ್ಚಿಟ್ಟರೂ ಎರಡನೇ ಹಂತ. ಮಗಳದು ಐದೇ ತಿಂಗಳಲ್ಲಿ ಮೂರನೆಯದು! ಆಪರೇಷನ್ ಆಯಿತು, ನಾಲ್ಕನೇ ದಿನ ಮನೆಗೆ ಬಂದರು. ಹದಿನೈದು ದಿನ ರೇಡಿಯೇಷನ್. ಕೀಮೋ ಬೇಡವೆಂದರು. ಈಗ ದಿನಕ್ಕೊಂದು ಲೆಟ್ರೋಜೋಲ್ ಮಾತ್ರೆ, ಐದು ವರ್ಷ. ಅದು ಮೂಳೆಯನ್ನು ಸವೆಸುತ್ತದೆ ಎಂದು ಕ್ಯಾಲ್ಸಿಯಂ ಕೊಡುತ್ತಾರೆ, ಮೂಳೆಯ ಸ್ಕ್ಯಾನ್ ಮಾಡಿಸುತ್ತಾರೆ. ಅಷ್ಟೇ. ನಾವು ಹೆದರಿದ್ದ ಹಿಂಸೆ ಎಲ್ಲೂ ಕಾಣಲಿಲ್ಲ.

ವಯಸ್ಸಿಗಿಂತ ಹಂತ ದೊಡ್ಡದು

ಯಾವ ವಯಸ್ಸೇ ಇರಲಿ, ಗೊತ್ತಾದಾಗ ಕಾಯಿಲೆ ಎಲ್ಲಿಯವರೆಗೆ ಹೋಗಿತ್ತು ಎಂಬುದೇ ಹೆಚ್ಚು ಮಾತಾಡುತ್ತದೆ. ಅಮೆರಿಕದ ಲೆಕ್ಕದಲ್ಲಿ ಸ್ತನದೊಳಗೇ ಇದ್ದಾಗ ಸಿಕ್ಕರೆ ಐದು ವರ್ಷ ಉಳಿಯುವವರು ನೂರಕ್ಕೆ 99. ಕಂಕುಳಿನ ಗ್ರಂಥಿಗೆ ಹೋಗಿದ್ದರೆ ಸುಮಾರು 86. ಶ್ವಾಸಕೋಶ, ಮೂಳೆ, ಪಿತ್ತಜನಕಾಂಗಕ್ಕೆ ಹೋಗಿದ್ದರೆ ಸುಮಾರು 30. ನಮ್ಮ ದೇಶದಲ್ಲಿ 2010ರಿಂದ 2014ರ ನಡುವೆ ಗೊತ್ತಾದವರಲ್ಲಿ ಎಲ್ಲ ಹಂತ ಸೇರಿ ಐದು ವರ್ಷ ಉಳಿದವರು ನೂರಕ್ಕೆ 66. ಅದೇ ಕಾಲಕ್ಕೆ ಅಮೆರಿಕದಲ್ಲಿ 90. ಅಂತರಕ್ಕೆ ದೊಡ್ಡ ಕಾರಣ ನಾವು ತಡವಾಗಿ ಹೋಗುವುದು. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಇದು ಹೊಸದಾಗಿ ಕಂಡಿದೆ, 98 ಸಾವಿರ ಮಂದಿ ತೀರಿಕೊಂಡಿದ್ದಾರೆ.

ನಮ್ಮಲ್ಲಿ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮುಂಚೆಯೇ, ನಲವತ್ತು ಐವತ್ತರ ಹರೆಯದಲ್ಲೇ, ಹೆಚ್ಚು ಜನರಿಗೆ ಕಾಣುತ್ತದೆ ಎಂಬುದನ್ನೂ ಕೇಳಿರುತ್ತೀರಿ. ನಿಜವೇ. ಆದರೆ ನಮ್ಮ ಜನಸಂಖ್ಯೆಯಲ್ಲೇ ಚಿಕ್ಕವರು ಹೆಚ್ಚು ಎಂಬುದೂ ಅದಕ್ಕೊಂದು ಕಾರಣ. ಹಾಗಾಗಿ ಮೂವತ್ತರ ಹುಡುಗಿಯರೆಲ್ಲ ಗಾಬರಿಯಾಗಬೇಕಾಗಿಲ್ಲ. ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ.

ಮುಂಬಯಿಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿದ ಕೆಲಸವನ್ನು ಇಲ್ಲಿ ಹೇಳಲೇಬೇಕು. ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರು, 35ರಿಂದ 64ರ ವಯಸ್ಸಿನವರು. ಯಂತ್ರವಿಲ್ಲ, ಎಕ್ಸ್-ರೇ ಇಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಅರ್ಧದಷ್ಟು ಜನರ ಎದೆಯನ್ನು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಮುಟ್ಟಿ ನೋಡಿದರು. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಬಂತು. ಪರೀಕ್ಷೆಯಾದವರಲ್ಲಿ ಗಂಟು ಮೊದಲ ಹಂತಗಳಲ್ಲೇ ಹೆಚ್ಚಾಗಿ ಸಿಕ್ಕಿತು. 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಹೆಚ್ಚುಕಡಿಮೆ ಶೇಕಡಾ 30 ಇಳಿಯಿತು! ಆದರೆ 50ರ ಒಳಗಿನವರಲ್ಲಿ ಸಾವು ಇಳಿಯಲಿಲ್ಲ. ಇಲ್ಲೂ ವಯಸ್ಸೇ ಅಡ್ಡ ಬಂತು ನೋಡಿ. ಬೇಗ ಬೆಳೆಯುವ ಗಂಟು ಎರಡು ವರ್ಷದ ಸರದಿಗೆ ಕಾಯುವುದಿಲ್ಲ ಎಂದು ನನಗನ್ನಿಸುತ್ತದೆ.

ಆದ್ದರಿಂದ ಚಿಕ್ಕವರು ಸರದಿ ಕಾಯದೆ, ಹೊಸದೇನಾದರೂ ಕಂಡ ವಾರದಲ್ಲೇ ತೋರಿಸಬೇಕು. ಗಂಟೊಂದೇ ಅಲ್ಲ, ಚರ್ಮ ಒಳಗೆ ಎಳೆದಂತಾಗುವುದು, ಕಿತ್ತಳೆ ಸಿಪ್ಪೆಯಂತೆ ದೊರಗಾಗುವುದು, ತೊಟ್ಟು ಹೊಸದಾಗಿ ಒಳಸೇರುವುದು, ತೊಟ್ಟಿನಿಂದ ರಕ್ತ ಜಿನುಗುವುದು, ಕಂಕುಳಲ್ಲಿ ಗಂಟು. ಮುಟ್ಟಾಗುವವರು ಮುಟ್ಟು ಶುರುವಾದ ಏಳರಿಂದ ಹತ್ತನೇ ದಿನದ ಹೊತ್ತಿಗೆ ನೋಡಿಕೊಂಡರೆ ಸುಲಭ, ಆಗ ಬಾವು ಇರುವುದಿಲ್ಲ. ಹಾಲಿನ ಗಂಟು ಎಂದು ಔಷಧಿ ಕೊಟ್ಟರೆ ಒಪ್ಪಿಕೊಳ್ಳಿ, ಆದರೆ ಎರಡು ವಾರದಲ್ಲಿ ಹೋಗದಿದ್ದರೆ "ಸ್ಕ್ಯಾನ್ ಮಾಡಿಸಲಾ, ಸೂಜಿ ಪರೀಕ್ಷೆ ಮಾಡಿಸಲಾ?" ಎಂದು ಬಾಯಿಬಿಟ್ಟು ಕೇಳಿ. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬುದು ಸುಳ್ಳು. ಮೊದಲ ಹಂತದಲ್ಲಾದರೆ ಇಡೀ ಸ್ತನ ತೆಗೆಯಬೇಕೆಂದೂ ಇಲ್ಲ. ಗಂಟಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಆಯುಷ್ಯ ಅಷ್ಟೇ ಎಂದು ಅಮೆರಿಕ, ಇಟಲಿಗಳ ಇಪ್ಪತ್ತು ವರ್ಷದ ಫಲಿತಾಂಶಗಳು 2002ರಲ್ಲೇ ಹೇಳಿವೆ.

30 ದಾಟಿದವರ ಎದೆಯನ್ನು ಐದು ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರಗಳಲ್ಲಿ ಕೈಯಿಂದ ಪರೀಕ್ಷಿಸಬೇಕೆಂದು 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅದು 65ಕ್ಕೆ ನಿಲ್ಲುತ್ತದೆ ಎಂಬುದು ನನ್ನ ಒಂದು ದೂರು. ಅತ್ತೆಯಂಥವರ ಸರದಿ ಯಾವಾಗ? ಖರ್ಚಿನ ಚಿಂತೆ ಇದ್ದವರು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯನ್ನು ಮರೆಯಬಾರದು, 1973ರಿಂದ ಇರುವ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಅದು. ಬಿ.ಪಿ.ಎಲ್. ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ಆಧಾರ್, ಪಡಿತರ ಚೀಟಿ ಎರಡನ್ನೂ ಮೊದಲ ದಿನವೇ ಚೀಲದಲ್ಲಿ ಇಟ್ಟುಕೊಂಡು ಹೋಗಿ.

ಇನ್ನೊಂದು ವಿಷಯ ಬಾಕಿ ಇದೆ. ತಾಯಿಗೆ, ಮಗಳಿಗೆ ಇಬ್ಬರಿಗೂ ಬಂದಿದ್ದರಿಂದ, ಅದರಲ್ಲೂ ಮಗಳಿಗೆ ಅಷ್ಟು ಚಿಕ್ಕ ವಯಸ್ಸಿಗೆ ಟ್ರಿಪಲ್ ನೆಗೆಟಿವ್ ಬಂದಿದ್ದರಿಂದ, ವಂಶವಾಹಿಯ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರು. ಬಿ.ಆರ್.ಸಿ.ಎ. ಎಂಬ ಎರಡು ವಂಶವಾಹಿಗಳನ್ನು 1994ರಲ್ಲಿ, 1995ರಲ್ಲಿ ಕಂಡುಹಿಡಿದಿದ್ದಾರೆ. ಅವುಗಳಲ್ಲಿ ದೋಷವಿದ್ದರೆ ಚಿಕ್ಕ ವಯಸ್ಸಿಗೇ ಸ್ತನ, ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಅದು ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು. ಗಂಡಸರು ತಮಗೇನೂ ಆಗದೆ ಮಗಳಿಗೆ ದಾಟಿಸಬಹುದು. ಇದನ್ನು ಕೇಳಿದ ದಿನ ನನ್ನವರು ಊಟ ಮಾಡಲಿಲ್ಲ. ನಮಗೂ ಒಬ್ಬಳು ಮಗಳಿದ್ದಾಳಲ್ಲ.

ಪರೀಕ್ಷೆ ಬೇಡವೆಂದು ಅತ್ತೆ ಹಟ ಮಾಡುತ್ತಾರೆ ಎಂದುಕೊಂಡಿದ್ದೆ. ಅವರಿಗೀಗ 72. ನಾದಿನಿಯ ಮಗಳಿಗೆ ಹತ್ತು ತುಂಬಿತು, ನಮ್ಮಲ್ಲೇ ಬೆಳೆಯುತ್ತಿದ್ದಾಳೆ, ಅಜ್ಜಿಯ ಪಕ್ಕದಲ್ಲೇ ಮಲಗುತ್ತಾಳೆ. ಅತ್ತೆ ಒಂದು ಮಾತೂ ಎದುರು ಹೇಳದೆ ರವಿಕೆಯ ತೋಳು ಮೇಲೇರಿಸಿ, "ಎಷ್ಟು ಬೇಕೋ ಅಷ್ಟು ರಕ್ತ ತಗೊಳ್ಳಿ" ಎಂದರು. ರಕ್ತ ಕೊಟ್ಟು ಬಂದು ಹತ್ತು ದಿನವಾಯಿತು. ವರದಿ ಬರಲು ಇನ್ನೂ ಎರಡು ಮೂರು ವಾರ ಬೇಕಂತೆ.